ಗೋಡೆ ಪಕ್ಕದ ಅವರೆ ಮಡಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಅಜ್ಜಿಯ ಅವರೆ ಬೀಜವನ್ನು ಕದ್ದು ಸಂಘದ ಕಾರ್ಯದರ್ಶಿಯ ಕೈಗಿಟ್ಟ ಪೆದ್ದ ನಾನೇ. ಅವನು ಬೆದರಿಸಲಿಲ್ಲ, ಗೋಗರೆಯಲೂ ಇಲ್ಲ. ಪಂಚಾಯ್ತಿ ಅಧ್ಯಕ್ಷರು ಭಾಷಣಕ್ಕೆ ಮುಂಚೆ ಕೆಮ್ಮುವುದನ್ನು ನಾನು ಮಾಡಿ ತೋರಿಸಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕ. "ನೀನು ಟಿವೀಲಿ ಇರ್ಬೇಕಿತ್ತು ಮಗಾ" ಎಂದ. ಆಮೇಲೆ ಮೆಲ್ಲಗೆ, "ನಿಮ್ಮಜ್ಜಿ ಅವರೆ ಸಕ್ಕತ್ತಾಗಿರುತ್ತಂತೆ, ಒಂದೆರಡು ಸೇರು ಬೀಜ ಸಿಗುತ್ತಾ?" ಎಂದ. ಅಜ್ಜಿ ಹಿತ್ತಲಿಗೆ ಹೋಗಿದ್ದಾಗ ನಾನು ಬೂದಿಯಲ್ಲಿ ಬೀಜ ಹುದುಗಿಸಿಟ್ಟಿದ್ದ ಗಡಿಗೆಗೆ ಕೈಹಾಕಿದೆ. ಮೊಣಕೈವರೆಗೂ ಬೂದಿ ಮೆತ್ತಿಕೊಂಡಿತು. ಹೊಗಳಿಕೆಗೆ ಇಷ್ಟು ಅಗ್ಗವಾಗಿ ಮಾರಾಟವಾದ ಗಂಡಸು ಆನೇಕಲ್ ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಾರ.

ಜಿಗಣಿಯ ಕಾರ್ಖಾನೆಗಳ ಬೆನ್ನಿಗೆ ಅಂಟಿಕೊಂಡ ಊರು ನಮ್ಮದು. ಶಾಲೆಯ ಹಿಂದಿನ ಅರ್ಧ ಎಕರೆ ಯುವ ರೈತರ ಸಂಘದ್ದು. ಪಿಯುಸಿ ಪಾಸಾದವರು, ಫೇಲಾದವರು, ಕಂಪನಿಯಲ್ಲಿ ಶಿಫ್ಟ್ ಮುಗಿಸಿ ಬರುವವರು, ಎಲ್ಲರೂ ಸದಸ್ಯರೇ. ಪ್ರತಿ ಮಳೆಗಾಲ ಚೀಟಿ ಎತ್ತಿ ಒಬ್ಬೊಬ್ಬರಿಗೆ ಒಂದೊಂದು ಮಡಿ ಹಂಚುತ್ತಿದ್ದೆವು. ಮೊದಲ ಗೆರೆ ಉಳುವವರೆಗೆ ಇಬ್ಬರು ಒಪ್ಪಿದರೆ ಮಡಿ ಬದಲಾಯಿಸಿಕೊಳ್ಳಬಹುದು. ಸಂಕ್ರಾಂತಿಗೆ ಮುಂಚೆ ಶಾಲೆಯ ಅಂಗಳದಲ್ಲಿ ಪ್ರದರ್ಶನ, ಧಾರವಾಡದ ಕಡೆಯ ಕೃಷಿ ಅಧಿಕಾರಿಯೊಬ್ಬರ ಕೈಯಿಂದ ಬಹುಮಾನ.

ಆ ವರ್ಷದ ಮೊದಲ ಬಹುಮಾನ ಕಾರ್ಯದರ್ಶಿಯ ಅವರೆಗೆ ಬಂತು. ಅಧಿಕಾರಿ ಒಂದು ಕಾಯಿ ಉಜ್ಜಿ ಮೂಸಿ, "ಏನು ಸೊಗಡರೀ ಇದು! ಬೀಜ ಎಲ್ಲಿಂದ ತಂದ್ರಿ?" ಎಂದರು. ಅವನು ಮೈಕಿಗೆ ಬಾಯಿಟ್ಟು, "ನಮ್ ತಾತನ ಕಾಲದ್ದು ಸಾರ್" ಎಂದ. ಅಜ್ಜಿ ಮುಂದಿನ ಸಾಲಿನಲ್ಲೇ ಕೂತಿದ್ದಳು. ಮದುವೆಯಾಗಿ ಬರುವಾಗ ತವರಿನಿಂದ ಸೆರಗಿನ ತುದಿಗೆ ಗಂಟು ಹಾಕಿಕೊಂಡು ತಂದ ಬೀಜ ಅದು. ಕಾಯಿಯ ಅಂಚಿನ ಕೆಂಪು ಗೆರೆ ನೋಡಿಯೇ ಅವಳಿಗೆ ಗುರುತು ಸಿಕ್ಕಿತ್ತು. ಒಮ್ಮೆ ನನ್ನ ಕಡೆ ತಿರುಗಿದಳು, ಎದ್ದು ಮನೆಗೆ ನಡೆದಳು. ಬೈಯಲಿಲ್ಲ. ಬೈದಿದ್ದರೆ ಆ ಬೈಗುಳವನ್ನೇ ಅನುಕರಿಸಿ ನಗಿಸಿಬಿಡುತ್ತಿದ್ದೆ. ಸುಮ್ಮನಿರುವವರನ್ನು ಅನುಕರಿಸುವುದು ಹೇಗೆ?

ಅವತ್ತು ನಾನು ತೀರ್ಮಾನಿಸಿದೆ: ಆ ಬೀಜ ಯಾರದೆಂದು ಅದೇ ಅಂಗಳದಲ್ಲಿ, ಕಾರ್ಯದರ್ಶಿಯ ಅದೇ ಬಾಯಿಂದ ಹೇಳಿಸುತ್ತೇನೆ. ಹೇಗೆ ಎಂಬುದು ಮಾತ್ರ ತಿಳಿದಿರಲಿಲ್ಲ.

ದಾರಿ ತೋರಿಸಿದ್ದು ಒಂದು ದೀಪ. ಆ ಬೇಸಿಗೆಯಲ್ಲಿ ಸಂಘದ ಜಮೀನಿನ ಪಕ್ಕದ ಫ್ಯಾಕ್ಟರಿಯವರು ಕಾಂಪೌಂಡ್ ಮೇಲೆ ದೊಡ್ಡ ಫೋಕಸ್ ಲೈಟ್ ಹಾಕಿಸಿದರು. ಬೆಳಕೆಲ್ಲ ಗೋಡೆ ಪಕ್ಕದ ಒಂದೇ ಮಡಿಯ ಮೇಲೆ. ನಮ್ಮ ಹಿತ್ತಲಲ್ಲೂ ಬೀದಿದೀಪದ ಕೆಳಗಿನ ಅವರೆ ಸಾಲು ಹೆಬ್ಬೆರಳ ದಪ್ಪ ಬಳ್ಳಿ ಬಿಟ್ಟು, ಒಂದು ಹೂವನ್ನೂ ಬಿಡುತ್ತಿರಲಿಲ್ಲ. "ಅವರೆಗೆ ಕತ್ಲು ಬೇಕು ಕಣ್ಲಾ. ನಿದ್ದೆ ಕೆಟ್ರೆ ಅದು ಉವ್ವ ಬಿಡಾಕಿಲ್ಲ" ಎನ್ನುತ್ತಿದ್ದಳು ಅಜ್ಜಿ. ಡಿಪ್ಲೊಮಾ ಓದಿದ್ದ ಕಾರ್ಯದರ್ಶಿಗೆ ಇದು ಗೊತ್ತಿರಲಿಲ್ಲ. ಚೀಟಿ ಎತ್ತಿದಾಗ ಆ ಮಡಿ ಬಂದದ್ದು ಯಾರಿಗೆ? ನನಗೇ. ಎಲ್ಲರೆದುರು ಮುಖ ಸಪ್ಪಗೆ ಮಾಡಿಕೊಂಡೆ, ಒಳಗೊಳಗೇ ಕುಣಿದೆ.

ಮರುದಿನ ಬಸ್‌ಸ್ಟಾಪಿನ ಕಾಯಿನ್ ಫೋನಿನಿಂದ ಅವನ ಮನೆಗೆ ಫೋನ್ ಮಾಡಿದೆ. ಅಧಿಕಾರಿಯ ದನಿಯಲ್ಲಿ, ಅವರ ಉಸಿರಿನ ಸಮೇತ.

"ಏನ್ರೀ ಕಾರ್ಯದರ್ಶಿಗಳೆ, ಆ ಫ್ಯಾಕ್ಟರಿ ಗ್ವಾಡಿ ಬಾಜೂಕಿನ ಮಡಿ ಐತಲ್ಲಾ, ಅದರ ಮಣ್ಣು ನೋಡೀನ್ರೀ. ಭಾಳ ಚಲೋ ಐತಿ. ಯಾರಿಗೂ ಹೇಳಬ್ಯಾಡ್ರಿ, ನೀವ ತಗೋರಿ."

"ಆಯ್ತು ಸಾರ್, ಥ್ಯಾಂಕ್ಸ್ ಸಾರ್!"

ಸಂಜೆಗೇ ಬಂದು ನನ್ನ ಹೆಗಲ ಮೇಲೆ ಕೈಹಾಕಿದ. "ಮಗಾ, ಆ ಮಡಿ ನಿಂಗ್ಯಾಕೆ? ಬಿಸಿಲು ಜಾಸ್ತಿ. ನಂದು ತಗೋ."

"ಗೊಬ್ಬರ ಬೇರೆ ಹೊರ್ಬೇಕಲ್ಲ ಗುರು" ಎಂದು ರಾಗ ಎಳೆದೆ. ನಮ್ಮ ತಿಪ್ಪೆಯಿಂದ ನನ್ನ ಹೊಸ ಮಡಿಗೆ ಎಂಟು ಮಂಕರಿ ಸಗಣಿ ಗೊಬ್ಬರ ಹೊತ್ತು ಹಾಕಿದ. ನಾನು ಬದುವಿನ ಮೇಲೆ ಕೂತು ಎಣಿಸಿದೆ. ಜೀವನದಲ್ಲಿ ನಾನು ಅಷ್ಟು ಶ್ರದ್ಧೆಯಿಂದ ಮಾಡಿದ ಬೇಸಾಯ ಅದೊಂದೇ.

ಹಿಂದಿನ ವರ್ಷದ ಬೆಳೆಯಿಂದ ಎತ್ತಿಟ್ಟಿದ್ದ ಬೀಜವನ್ನೇ ಅವನು ಬಿತ್ತಿದ. ಅವನ ಅವರೆ ಸೊಂಟದುದ್ದ ಬೆಳೆಯಿತು. ನಾನು ದಿನಾ ಹೋಗಿ, "ಅಬ್ಬಾ, ಏನ್ ಹಸಿರು ಗುರು!" ಎಂದು ಬೆನ್ನು ತಟ್ಟುತ್ತಿದ್ದೆ. ಕಾರ್ತಿಕ ಕಳೆಯಿತು. ಎಲ್ಲರ ಮಡಿಯೂ ಹೂ ಬಿಟ್ಟಿತು, ಅವನದು ಎಲೆಯ ಮೇಲೆ ಎಲೆ ಬಿಟ್ಟಿತು. ಔಷಧಿ ಹೊಡೆದ, ಗೊಬ್ಬರ ಸುರಿದ, ಹುಳ ಹುಡುಕಿದ. ತಲೆಯ ಮೇಲಿನ ದೀಪವನ್ನು ಮಾತ್ರ ಕತ್ತೆತ್ತಿ ನೋಡಲಿಲ್ಲ. ನನಗೆ ಒಂದು ದಿನವೂ ಅಯ್ಯೋ ಎನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ.

ಪ್ರದರ್ಶನದ ದಿನ ಅಜ್ಜಿಯನ್ನು ನಾನೇ ಕರೆತಂದು ಅದೇ ಮುಂದಿನ ಸಾಲಿನಲ್ಲಿ ಕೂರಿಸಿದೆ. ಕಾರ್ಯದರ್ಶಿಯ ಮೇಜಿನ ಮೇಲೆ ಬರೀ ಬಳ್ಳಿ.

"ಏನ್ರೀ, ಕಾಯಿ ಎಲ್ಲಿ?" ಎಂದರು ಅಧಿಕಾರಿ.

"ಸಾರ್, ನೀವೇ ಫೋನ್ ಮಾಡಿ ಆ ಮಡಿ ತಗೋ ಅಂದ್ರಲ್ಲ?"

"ನಾನಽ? ನಿಮ್ಮ ಮನಿ ನಂಬರ್ ಸೈತ ನನ್ಹತ್ರ ಇಲ್ರೀ!"

ಇಡೀ ಅಂಗಳ ನನ್ನ ಕಡೆ ತಿರುಗಿತು. ಊರಿನಲ್ಲಿ ಆ ದನಿ ತೆಗೆಯುವ ಗಂಟಲು ಇನ್ನೊಂದಿರಲಿಲ್ಲ. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ನಾನು ಆಕಾಶ ನೋಡುತ್ತ ನಿಂತೆ, ಕಿವಿ ಮಾತ್ರ ಕಾದ ಹಂಚಾಗಿತ್ತು. ಕಾರ್ಯದರ್ಶಿಯ ಮುಖ ಕೆಂಪೇರಿತು. ಮೈಕ್ ಕೈಯಲ್ಲಿದೆ ಎಂಬುದನ್ನೂ ಮರೆತು ಕಿರುಚಿದ:

"ಇವರ ಮನೆಯೋರೆಲ್ಲ ಇಷ್ಟೇ ಸಾರ್, ಮೋಸ! ಆ ದರಿದ್ರ ಬೀಜಾನೂ ಇವರಜ್ಜೀದೇ!"

ಅಜ್ಜಿ ಮೊಣಕಾಲಿನ ಮೇಲೆ ಕೈಯೂರಿ ಎದ್ದಳು. ಅವನ ಹತ್ತಿರ ಹೋಗಿ, ಮೇಜಿನ ಮೇಲಿದ್ದ ಬಳ್ಳಿಯನ್ನು ಒಮ್ಮೆ ಸವರಿ ಕೇಳಿದಳು:

"ಕಾಯಿ ಕಚ್ಚಿದ್ರೆ ನಿಮ್ ತಾತುಂದು, ಕಚ್ಚದಿದ್ರೆ ನಂದೇನ್ಲಾ?"