ಮಡಿಕೇರಿ ಗಾಳಿ ತೋರಿಸ್ತೀನಿ ಬಾ

ನನ್ನ ತಮ್ಮ ಬೆಂಗಳೂರಿನಲ್ಲಿ ಮನೆಯ ಟೆರೇಸಿನ ಮೇಲೆ ಓಡುತ್ತಾನೆ ಎಂದು ಗೊತ್ತಾದ ದಿನ ನಾನು ಫೋನಿನಲ್ಲೇ ಬಿದ್ದು ಬಿದ್ದು ನಕ್ಕಿದ್ದೆ. ನೀರಿನ ಟ್ಯಾಂಕಿಗೆ ಒಂದು ಸುತ್ತು, ಒಣಹಾಕಿದ ಸೀರೆಗಳ ಕೆಳಗೆ ಬಗ್ಗಿ, ಡಿಶ್ ಆಂಟೆನಾದ ಪಕ್ಕ ತಿರುಗಿ, ಮತ್ತೆ ಟ್ಯಾಂಕಿಗೆ ಸುತ್ತು. ಕೆಳಗಿನ ಮನೆಯವರು ತಲೆಯ ಮೇಲೆ ದಡದಡ ಸದ್ದು ಎಂದು ಗಲಾಟೆ ಮಾಡಿದ ಮೇಲೆ ಬರಿಗಾಲಲ್ಲಿ ಓಡುತ್ತಾನಂತೆ.

"ಪ್ರದಕ್ಷಿಣೆ ಹಾಕ್ತಿದ್ದೀಯೇನೋ? ಕೊನೇಲಿ ಟ್ಯಾಂಕಿನ ನೀರನ್ನೇ ತೀರ್ಥ ಅಂತ ತಗೋ" ಎಂದೆ.

ಅವನು ನಗಲಿಲ್ಲ. ಮೊದಲು ಅವನು ಮನೆಯ ಹತ್ತಿರದ ಕೆರೆ ಏರಿಯ ಮೇಲೆ ಓಡುತ್ತಿದ್ದ. ಕೆರೆಯ ಒಂದು ಬದಿಗೆ ಅಪಾರ್ಟ್‌ಮೆಂಟ್ ಬಂತು, ಇನ್ನೊಂದು ಬದಿಗೆ ಫ್ಲೈಓವರಿನ ಕಂಬಗಳು ಬಂದವು, ನಡುವೆ ಉಳಿದ ನೀರಿನಲ್ಲಿ ನೊರೆ ಬಂತು. ಆಮೇಲೆ ಇವನ ಎದೆಯಲ್ಲಿ ಸುಂಯ್ ಸುಂಯ್ ಸದ್ದು ಬಂತು. ಡಾಕ್ಟರು ಕೈಗೊಂದು ಇನ್‌ಹೇಲರ್ ಕೊಟ್ಟು, ಹೊರಗೆ ಓಡುವುದನ್ನು ಬಿಡಿ, ಇಲ್ಲವೇ ಊರು ಬಿಡಿ ಎಂದಿದ್ದರು. ಬೆಳಗ್ಗೆ ಎದ್ದರೆ ಫೋನಿನಲ್ಲಿ ಗಾಳಿಯ ಬಣ್ಣ ನೋಡುತ್ತಾನೆ. ಹಸಿರಿದ್ದರೆ ಓಟ, ಕೆಂಪಿದ್ದರೆ ಇಲ್ಲ. ನಮ್ಮಜ್ಜಿ ಕೂಡ ರಾಹುಕಾಲಕ್ಕೆ ಇಷ್ಟು ಹೆದರುತ್ತಿರಲಿಲ್ಲ.

ಅವನಿಗೆ ಓಟ ಅಂದರೆ ಬರೀ ಶೋಕಿಯಲ್ಲ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತ ಮನೆ ನಮ್ಮದು. ಸ್ಕೂಲಿಗೆ ನಾವಿಬ್ಬರೂ ಕಾಲುವೆ ದಾರಿಯಲ್ಲಿ ಓಡಿಯೇ ಹೋಗುತ್ತಿದ್ದೆವು. ನನಗಿಂತ ಎರಡು ವರ್ಷಕ್ಕೆ ಚಿಕ್ಕವನು, ಆದರೂ ಯಾವತ್ತೂ ಮುಂದೆ. ಈಗ ಅವನದು ಕಾರಿನ ಸೀಟ್ ಕವರ್ ಹೊಲಿಯುವ ಅಂಗಡಿ. ದಿನವಿಡೀ ಬಗ್ಗಿದ ಬೆನ್ನು ನೆಟ್ಟಗಾಗುವುದು ಬೆಳಗಿನ ಆ ಒಂದು ಗಂಟೆಯಲ್ಲಿ ಮಾತ್ರ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ನಕ್ಕೆ, ಯಾಕೆಂದರೆ ನಾನು ಮಡಿಕೇರಿಯವಳಾಗಿದ್ದೆ.

ಮದುವೆಯಾಗಿ ಈ ಊರಿಗೆ ಬಂದು, ಇಲ್ಲೇ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾ, ನಲವತ್ತು ದಾಟಿದ ಮೇಲೆ ನಾನೂ ಓಡಲು ಹಿಡಿದೆ. ಶುರುವಿನಲ್ಲಿ ಚೂಡಿದಾರದ ಮೇಲೆ ಸ್ವೆಟರ್ ಹಾಕಿಕೊಂಡು ಓಡುತ್ತಿದ್ದ ನನ್ನನ್ನು ನೋಡಿ ಬೀದಿಯೇ ಗಾಬರಿಯಾಗುತ್ತಿತ್ತು. ಕೊಡಗಿನಲ್ಲಿ ಯಾರಾದರೂ ಓಡುತ್ತಿದ್ದಾರೆ ಎಂದರೆ ಹಿಂದೆ ಏನೋ ಬರುತ್ತಿದೆ ಎಂದೇ ಅರ್ಥ. ಒಂದು ದಿನ ತಿರುವಿನಲ್ಲಿ ಪೇಪರ್ ಓದುತ್ತಾ ನಿಂತಿದ್ದವರೊಬ್ಬರು "ಎಂತ ಟೀಚರೇ, ಆನೆ ಬಂತಾ?" ಎಂದು ಕೇಳಿದರು. ಉತ್ತರಕ್ಕೂ ಕಾಯದೆ ಪಂಚೆ ಎತ್ತಿಕಟ್ಟಿ ನನಗಿಂತ ಜೋರಾಗಿ ಓಡಿದರು. ಈಗ ಎಲ್ಲರಿಗೂ ಅಭ್ಯಾಸವಾಗಿದೆ.

ಹಾಗಾಗಿ ತಮ್ಮನಿಗೆ ದೊಡ್ಡದಾಗಿ ಹೇಳಿದೆ: "ಆ ಟ್ಯಾಂಕಿಗೊಂದು ನಮಸ್ಕಾರ ಹಾಕಿ ಇಲ್ಲಿಗೆ ಬಾ. ಮಡಿಕೇರಿ ಗಾಳಿ ಅಂದ್ರೆ ಏನು ಅಂತ ತೋರಿಸ್ತೀನಿ."

ಅವನು ಹೇಳಿದ: "ಬರ್ತೀನಕ್ಕ. ಅಲ್ಲಿ ಓಡಕ್ಕಾದ್ರೆ ತಿಂಗಳಿಗೆ ಎರಡು ಸಲ ಬಂದ್‌ಬಿಡ್ತೀನಿ. ಅಲ್ಲೂ ಆಗ್ಲಿಲ್ಲ ಅಂದ್ರೆ ಓಡೋದನ್ನೇ ಬಿಡ್ತೀನಿ. ಎಷ್ಟೂಂತ ಆಸೆ ಇಟ್ಕೊಳ್ಳೋದು?"

ಡಿಸೆಂಬರಿನ ಒಂದು ಶುಕ್ರವಾರ ಬಂದ. ಬಸ್ಸಿಳಿದು ನಮ್ಮ ಮನೆಗೆ ನಡೆದು ಬರಲು ಹತ್ತು ನಿಮಿಷ ಸಾಕು. ಅವತ್ತು ಕಾರುಗಳ ಸಂದಿಯಲ್ಲಿ ತೂರಿಕೊಂಡು ಬರಲು ಮುಕ್ಕಾಲು ಗಂಟೆ ಬೇಕಾಯಿತಂತೆ. ವಾರಾಂತ್ಯ ಬಂತೆಂದರೆ ಅರ್ಧ ಬೆಂಗಳೂರು ಶುದ್ಧ ಗಾಳಿ ಕುಡಿಯಲು ನಮ್ಮ ಊರಿಗೆ ಬರುತ್ತದೆ. ಬಂದವರು ಇಂಜಿನ್ ಆರಿಸದೆ ಕಾರಿನೊಳಗೆ ಗಾಜು ಏರಿಸಿಕೊಂಡು ಕೂತಿರುತ್ತಾರೆ. ಅವರನ್ನು ಬೈಯುವ ಹಕ್ಕೂ ನನಗಿಲ್ಲ, ಏಕೆಂದರೆ ನಮ್ಮ ಮನೆಯ ಮಹಡಿಯಲ್ಲೇ ನಮ್ಮ ಅತ್ತೆ ಮೂರು ಕೋಣೆಗಳ ಹೋಂಸ್ಟೇ ನಡೆಸುತ್ತಾರೆ. ನಮ್ಮ ಗಲ್ಲಿಯಲ್ಲಿ ಹೋಂಸ್ಟೇ ಆಗದೆ ಉಳಿದಿರುವುದು ಟ್ರಾನ್ಸ್‌ಫಾರ್ಮರ್ ಒಂದೇ. ಎಲ್ಲರ ಬೋರ್ಡಿನಲ್ಲೂ ಒಂದೇ ಮಾತು: ಬೆಳಗ್ಗೆ ಏಳು ಗಂಟೆಗೆ ಬಿಸಿನೀರು.

ಆ ಬಿಸಿನೀರಿನ ಜವಾಬ್ದಾರಿ ನನ್ನದು. ಓಡಲು ಹೊರಡುವ ಮುಂಚೆ ಹಂಡೆ ಒಲೆ ಹಚ್ಚಿಟ್ಟರೆ, ನಾನು ವಾಪಸು ಬರುವಷ್ಟರಲ್ಲಿ ನೀರು ಕುದಿಯುತ್ತಿರುತ್ತದೆ. ಈ ಲೆಕ್ಕಾಚಾರದ ಬಗ್ಗೆ ನನಗೆ ಬಹಳ ಹೆಮ್ಮೆ. ಶನಿವಾರ ಬೆಳಗ್ಗೆಯೂ ಹಾಗೇ ಮಾಡಿದೆ. ಮಂಜು ಕುಡಿದ ಸೌದೆ ಸುಲಭಕ್ಕೆ ಹಿಡಿಯುವುದಿಲ್ಲ. ಎರಡು ಹಾಲಿನ ಕವರು, ಗೆಸ್ಟುಗಳು ಬಿಟ್ಟುಹೋದ ನಾಲ್ಕು ನೀರಿನ ಬಾಟಲಿ ಒಳಗೆ ತುರುಕಿ ಕಡ್ಡಿ ಗೀರಿದೆ. ಭಗ್ಗನೆ ಹತ್ತಿತು. ಮಹಡಿಯಿಂದ ಇಳಿದುಬಂದ ಹೆಂಗಸೊಬ್ಬರು ಚಿಮಣಿಯ ಹೊಗೆಯ ಫೋಟೊ ತೆಗೆದು, "ವಾವ್, ಹಳ್ಳಿ ಮನೆ ಸ್ಮೆಲ್!" ಎಂದು ಕಣ್ಣು ಮುಚ್ಚಿ ಉಸಿರೆಳೆದುಕೊಂಡರು.

ತಮ್ಮ ಹೊಸ ಲೇಸ್ ಕಟ್ಟಿ ಗೇಟಿನಲ್ಲಿ ನಿಂತಿದ್ದ. ಫೋನು ತೋರಿಸಿದ. ಹಸಿರು. "ನೋಡ್ದಾ?" ಎಂದೆ, ಆ ಹಸಿರನ್ನು ನಾನೇ ಬಳಿದವಳ ಹಾಗೆ.

ಮೊದಲ ಏರು ಚೆನ್ನಾಗಿಯೇ ಹತ್ತಿದ. ಐವತ್ತರ ಹತ್ತಿರದ ಗಂಡಸು, ಮೊಣಕಾಲು ಎತ್ತುವ ರೀತಿ ಮಾತ್ರ ಕಾಲುವೆ ದಾರಿಯ ಕಾಲದ್ದೇ. ನೋಡಿ ನನಗೆ ಖುಷಿಯಾಯಿತು. ಅಷ್ಟರಲ್ಲಿ ಬೆಟ್ಟದ ಮೇಲೆ ಸೂರ್ಯೋದಯ ತೋರಿಸಲು ಹೊರಟ ಜೀಪುಗಳು ಒಂದರ ಹಿಂದೆ ಒಂದು ಬಂದವು. ಪ್ರತಿ ಜೀಪು ಗೇರು ಬದಲಿಸಿದಾಗಲೂ ಒಂದೊಂದು ಮೋಡ ಬಿಟ್ಟಿತು. ಎಲ್ಲಕ್ಕೂ ಮೇಲೆ ಮಂಜು ಮುಚ್ಚಳದ ಹಾಗೆ ಕೂತಿತ್ತು. "ಹಾಳಾದ ಜೀಪು, ಇವಕ್ಕೆ ಬುದ್ಧಿ ಯಾವಾಗ ಬರುತ್ತೋ" ಎಂದು ನಾನು ಬೈಯುತ್ತಲೇ ಓಡಿದೆ. ಎರಡನೇ ತಿರುವಿನಲ್ಲಿ ಹಿಂದೆ ಹೆಜ್ಜೆ ಸದ್ದು ನಿಂತಿತು.

ತಿರುಗಿ ನೋಡಿದರೆ ಅವನು ಮೋರಿ ಕಟ್ಟೆಯ ಮೇಲೆ ಕೂತಿದ್ದ. ಎರಡೂ ಕೈ ಮಂಡಿಗೆ ಊರಿ, ಭುಜ ಕಿವಿಯವರೆಗೆ ಏರಿಸಿ ಉಸಿರು ಎಳೆಯುತ್ತಿದ್ದ. ಉಸಿರು ಒಳಗೆ ಹೋಗುತ್ತಿರಲಿಲ್ಲ. ಇನ್‌ಹೇಲರ್ ಎರಡು ಸಲ ಒತ್ತಿಕೊಂಡ, ಮೂರನೇ ಸಲವೂ ಒತ್ತಿಕೊಂಡ. ತುಟಿಯ ಬಣ್ಣ ಬದಲಾಗಿತ್ತು. ನನ್ನ ತಮ್ಮನನ್ನು ನಾನೇ ಕರೆಸಿಕೊಂಡು ಸಾಯಿಸುತ್ತಿದ್ದೇನೆ ಎನ್ನಿಸಿ ರಸ್ತೆಯ ನಡುವೆ ನಿಂತು ಎರಡೂ ಕೈ ಬೀಸಿದೆ.

ನಿಂತದ್ದು ಜೀಪೇ. ಹಿಂದೆ ಆರು ಜನ ಪ್ರವಾಸಿಗರು ಕಂಬಳಿ ಹೊದ್ದು ಕೂತಿದ್ದರು. ಡ್ರೈವರ್ ಒಂದು ಮಾತೂ ಕೇಳದೆ ಇಳಿದು ತಮ್ಮನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿ ಗಾಡಿ ತಿರುಗಿಸಿದ. ಹಿಂದಿನಿಂದ ಒಬ್ಬರು "ಸನ್‌ರೈಸ್ ಮಿಸ್ ಆಗುತ್ತಲ್ರೀ" ಎಂದರು.

"ಸೂರ್ಯ ನಾಳೇನೂ ಬರ್ತಾನೆ ಸಾರ್, ಸುಮ್ನೆ ಕೂತ್ಕೊಳ್ಳಿ" ಎಂದ ಡ್ರೈವರ್.

ಆಸ್ಪತ್ರೆಯಲ್ಲಿ ಮೂಗು ಬಾಯಿಗೆ ಮಾಸ್ಕ್ ಕಟ್ಟಿ ಔಷಧಿಯ ಹಬೆ ಬಿಟ್ಟರು. ಕಾಲು ಗಂಟೆಯಲ್ಲಿ ಅವನ ಭುಜ ಕೆಳಗಿಳಿಯಿತು. ನನ್ನ ಜೀವವೂ ಬಂತು, ಅದರ ಜೊತೆಗೆ ಬಾಯಿಯೂ ಬಂತು. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಅವರ ಎದುರು ಜೀಪುಗಳು, ಪ್ರವಾಸಿಗರು, ಕಲ್ಲು ಕೊರೆಯುವವರು, ಗುಡ್ಡ ಕಡಿದು ರೆಸಾರ್ಟ್ ಕಟ್ಟುವವರು ಎಂದು ಎಲ್ಲರ ಜನ್ಮ ಜಾಲಾಡಿದೆ. ತುದಿಗಾಲಲ್ಲಿ ನಿಂತು ಕ್ಲಾಸ್ ತೆಗೆದುಕೊಂಡೆ ಎಂದೇ ಹೇಳಬೇಕು.

ಅವರು ತಾಳ್ಮೆಯಿಂದ ಕೇಳಿ, ನನ್ನ ಹತ್ತಿರ ಬಂದು ಮೂಗರಳಿಸಿದರು. "ಮೇಡಂ, ಜೀಪಿನ ಹೊಗೆ ಸರಿ. ಆದ್ರೆ ಪ್ಲಾಸ್ಟಿಕ್ ಸುಟ್ಟ ವಾಸನೆ ನಿಮ್ಮ ಸ್ವೆಟರಿಂದ್ಲೇ ಬರ್ತಾ ಇದೆಯಲ್ಲ?"

ಮೂವತ್ತು ಮಕ್ಕಳ ಎದುರು ಬೋರ್ಡಿನ ಮೇಲೆ ಲೆಕ್ಕ ತಪ್ಪಿದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಹಂಡೆ ಒಲೆಯ ಕತೆ ಹೇಳಿದೆ. ಡಾಕ್ಟರಮ್ಮ ನಗಲೂ ಇಲ್ಲ, ಬೈಯಲೂ ಇಲ್ಲ. "ನೀವೂ ಕೂತ್ಕೊಳ್ಳಿ" ಎಂದು ಸ್ಟೆತಾಸ್ಕೋಪ್ ನನ್ನ ಬೆನ್ನಿಗಿಟ್ಟರು. ಒಂದು ಕಡೆ ಇಟ್ಟರು, ಇನ್ನೊಂದು ಕಡೆ ಇಟ್ಟರು, ಮತ್ತೆ ಮೊದಲನೆಯ ಕಡೆಗೇ ಬಂದರು.

"ಎಷ್ಟು ದಿನದಿಂದ ಉಸಿರು ಹಿಡೀತಾ ಇದೆ?"

"ಹಾಗೇನೂ ಇಲ್ಲ" ಎಂದೆ.

"ಮೇಡಂ."

"ಎರಡು ವರ್ಷ" ಎಂದೆ. ಆ ಎರಡನೇ ತಿರುವಿಗೆ ಬಂದಾಗಲೆಲ್ಲ ನಾನು ನಿಲ್ಲುತ್ತಿದ್ದೆ. ಯಾರಾದರೂ ನೋಡಿದರೆ ಬಗ್ಗಿ ಲೇಸ್ ಕಟ್ಟಿಕೊಳ್ಳುವ ನಾಟಕ ಆಡುತ್ತಿದ್ದೆ. ವಯಸ್ಸಾಯಿತು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಮಡಿಕೇರಿಯ ಗಾಳಿಯಲ್ಲಿ ಐಬಿರಬಹುದು ಎಂದು ಒಂದು ದಿನವೂ ತಲೆಗೆ ಹೊಳೆದಿರಲಿಲ್ಲ. ಹಾಸಿಗೆಯ ಮೇಲಿದ್ದ ತಮ್ಮ ಮಾಸ್ಕಿನ ಮೇಲಿಂದ ನನ್ನನ್ನೇ ನೋಡುತ್ತಿದ್ದ. ನನಗೂ ಒಂದು ಮಾಸ್ಕ್ ಕಟ್ಟಿ ಅವನ ಪಕ್ಕ ಕೂರಿಸಿದಾಗ ಅವನಿಗೆ ನಗು ತಡೆಯಲಾಗಲಿಲ್ಲ. ನಕ್ಕು ಕೆಮ್ಮಿ ನರ್ಸಿನ ಕೈಲಿ ಬೈಸಿಕೊಂಡ. ಅಕ್ಕ ತಮ್ಮ ಇಬ್ಬರೂ ಬುಸುಬುಸು ಹಬೆ ಬಿಡುತ್ತಾ ಕೂತೆವು.

ಮನೆಗೆ ಬಂದು ಅತ್ತೆಯ ಎದುರು ಸಂಗತಿ ಬಿಚ್ಚಿಟ್ಟೆ. ಅವರಿಗೆ ಎಪ್ಪತ್ತೆಂಟು, ಗಂಟಲು ಮಾತ್ರ ಇಪ್ಪತ್ತೆಂಟರದ್ದು.

"ನಿಮ್ಮ ಮಾವ ಇದೇ ಹಂಡೆ ನೀರಲ್ಲಿ ಮಿಂದು ತೊಂಬತ್ತರವರೆಗೆ ಗಟ್ಟಿಯಾಗಿದ್ರು. ಅವರಿಗಿಲ್ಲದ ಉಬ್ಬಸ ನಿಮಗೆ ಬಂತಾ?"

"ಆಗ ಹಾಲಿಗೆ ಕವರ್ ಇರ್ಲಿಲ್ಲ ಅತ್ತೆ, ಹಸು ಇತ್ತು."

"ಹಾಗಾದ್ರೆ ಹಸು ತಗೊಂಡ್ ಬಾ. ಮಹಡೀಲಿ ಒಂದು ಕೋಣೆ ಖಾಲಿ ಇದೆ."

ಹೀಗೆ ಹೇಳಿದವರೇ ಸಂಜೆ ಒಂದು ಗೋಣಿ ತೆಂಗಿನ ನಾರನ್ನು ಅಟ್ಟದಿಂದ ಇಳಿಸಿ ಒಲೆಯ ಪಕ್ಕ ಒಣಗಲು ಹರಡಿದರು. ಕವರುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಗಂಟು ಹಾಕಿದರು. ನಾನು ನೋಡಿದೆ ಎಂದು ತಿಳಿದಾಗ ಮುಖ ಗಂಟಿಕ್ಕಿ, "ನಿನಗೋಸ್ಕರ ಅಲ್ಲ, ಆ ಹುಡುಗನಿಗೋಸ್ಕರ" ಎಂದರು. ಆ ಹುಡುಗನ ತಲೆಯಲ್ಲಿ ಕಪ್ಪು ಕೂದಲಿಗಿಂತ ಬಿಳಿಯವೇ ಜಾಸ್ತಿ.

ಭಾನುವಾರ ಬೆಳಗ್ಗೆ ಓಟ ಬೇಡ, ಸುಮ್ಮನೆ ನಡೆದು ಬರೋಣ ಎಂದು ಹೊರಟೆವು. ಅದೇ ಮೋರಿ ಕಟ್ಟೆಯ ಮೇಲೆ ಕೂತು ಕೆಳಗೆ ನೋಡಿದೆವು. ಗಲ್ಲಿಯ ಹೆಂಚಿನ ಮಾಡು, ಹೊಸ ಸಿಮೆಂಟ್ ಮಾಡು ಎಲ್ಲವುಗಳಿಂದ ಹೊಗೆ ಏಳುತ್ತಿತ್ತು. ಎದ್ದದ್ದು ಮಂಜಿಗೆ ಬಡಿದು ವಾಪಸು ಬೀದಿಗೆ ಇಳಿಯುತ್ತಿತ್ತು. ನಮ್ಮ ಮನೆಯದು ಬೆಳ್ಳಗಿತ್ತು. ಉಳಿದವೆಲ್ಲ ಕಪ್ಪು.

"ಆ ದಪ್ಪಗೆ ಕರ್‍ರಗೆ ಬರ್ತಿದೆಯಲ್ಲ, ಅದ್ಯಾರ ಮನೇದು?" ಎಂದು ಕೇಳಿದ.

"ರಿಟೈರ್ ಆದ ನರ್ಸಮ್ಮಂದು. ನನ್ನ ಬಾಣಂತನಕ್ಕೆ ಹಗಲು ರಾತ್ರಿ ಕೂತಿದ್ದೋರು."

"ಆ ಕಡೇದು?"

"ನಮ್ಮ ಹೆಡ್‌ಮಾಸ್ಟ್ರದ್ದು."

"ಬೆಂಗಳೂರಲ್ಲಾದ್ರೆ ಯಾರನ್ನ ಬೇಕಾದ್ರೂ ಬೈಕೋಬೋದಕ್ಕ. ಹೊಗೆ ಯಾರದ್ದು ಅಂತ ಗೊತ್ತಿರಲ್ಲ, ಆರಾಮಾಗಿ ಬೈಬೋದು. ಇಲ್ಲಿ ಬೈಯಕ್ಕೆ ಹೋದ್ರೆ, ಒಳಗ್ ಬನ್ನಿ, ಕಾಫಿ ಕುಡ್ಕೊಂಡ್ ಹೋಗಿ ಅಂತಾರೆ."

ಅವನು ಹೇಳಿದ್ದು ಅಕ್ಷರಶಃ ನಡೆಯಿತು. ಅವನನ್ನು ಬಸ್ ಹತ್ತಿಸಿದ ಮಾರನೇ ವಾರದಿಂದ ನಾನು ಮನೆ ಮನೆ ಹತ್ತಿದೆ. ಹನ್ನೆರಡು ಮನೆಯಲ್ಲಿ ಹನ್ನೆರಡು ಲೋಟ ಕಾಫಿ ಕುಡಿದೆ. ಎಲ್ಲ ಕಡೆಯೂ ಒಂದೇ ಉತ್ತರ: "ನಾವು ಹಾಕೋದು ಒಂದೇ ಒಂದು ಕವರ್ ಟೀಚರೇ, ಹಚ್ಚೋದಕ್ಕೆ ಮಾತ್ರ." ನಾಲ್ಕು ಮನೆಯವರು ನಾರಿಗೆ ಬದಲಾದರು. ನರ್ಸಮ್ಮ ಸೋಲಾರ್ ಹಾಕಿಸಿದರು, ಮಳೆಗಾಲದಲ್ಲಿ ನನಗೇ ಶಾಪ ಹಾಕಿದರು. ಅಷ್ಟರಲ್ಲಿ ಗಲ್ಲಿಯ ತುದಿಯಲ್ಲಿ ಇನ್ನೂ ಮೂರು ಹೋಂಸ್ಟೇ ಎದ್ದವು. ಜೀಪುಗಳು ಜಾಸ್ತಿಯಾದವು. ನಾನು ದಿನಾ ಎರಡನೇ ತಿರುವಿನವರೆಗೆ ಹೋಗಿ, ಲೇಸ್ ಮುಟ್ಟದೆ, ಎಲ್ಲರಿಗೂ ಕಾಣುವ ಹಾಗೆ ನಿಂತು ಉಸಿರಾಡಿ ವಾಪಸು ಬರುತ್ತಿದ್ದೆ.

ಮುಂದಿನ ಡಿಸೆಂಬರಿನಲ್ಲಿ ಒಂದು ಬೆಳಗ್ಗೆ ಅವನ ಫೋನು ಬಂತು.

"ಅಕ್ಕಾ, ಈ ಶನಿವಾರ ಬರ್ಲಾ? ಫೋನಲ್ಲಿ ಹಸಿರೇ ಇದೆ, ಆದ್ರೆ ನೀನು ಹೇಳು. ಹೇಗಿದೆ ಅಲ್ಲಿ?"

'ಬಾರೋ, ಈಗ ಎಲ್ಲ ಸರಿಯಾಗಿದೆ' ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅವನನ್ನು ನೋಡಿ ವರ್ಷವಾಗಿತ್ತು. ಅತ್ತೆ ಒಳಗಿನಿಂದ, "ಯಾರು, ಅವನಾ? ಬರಕ್ಕೆ ಹೇಳು, ಕಡುಬು ಮಾಡ್ತೀನಿ" ಎಂದು ಕೂಗುತ್ತಿದ್ದರು. ಫೋನು ಕಿವಿಗಿಟ್ಟುಕೊಂಡೇ ಗೇಟಿನವರೆಗೆ ನಡೆದೆ. ಗಟ್ಟಿಯಾಗಿ ಒಂದು ಉಸಿರೆಳೆದೆ. ಗಂಟಲು ಕೆರೆಯಿತು, ಎದೆಯೊಳಗೆ ಆ ಸಣ್ಣ ಸೀಟಿ ಕೇಳಿಸಿತು.

"ಬೇಡ ಕಣೋ" ಎಂದೆ. "ಬರಬೇಡ."

ಒಡಹುಟ್ಟಿದವನಿಗೆ ನನ್ನ ಮನೆಗೆ ಬರಬೇಡ ಎಂದದ್ದು ಅದೇ ಮೊದಲು. ಅವನು ಯಾಕೆ ಎಂದು ಕೇಳಲಿಲ್ಲ, "ಆಯ್ತಕ್ಕ, ಹುಷಾರು" ಎಂದಷ್ಟೇ ಹೇಳಿದ. ನಾನು ಗೇಟು ಹಿಡಿದುಕೊಂಡು ಅಲ್ಲೇ ಅತ್ತುಬಿಟ್ಟೆ.