ಅಂಕೋರ್ ವಾಟ್‌ನ ಎಡಸುತ್ತು

ನನ್ನ ಹೆಂಡತಿಗೆ ಯುರೋಪಿನ ಅರಮನೆ, ಚರ್ಚುಗಳ ಮೇಲೆ ಎಂದೂ ಮನಸ್ಸು ಹೋಗಲಿಲ್ಲ. ಧಾರವಾಡದಲ್ಲಿ ಇತಿಹಾಸ ಓದಿದವಳು. ನನ್ನ ಕೆಲಸದ ಬೆನ್ನು ಹತ್ತಿ ಯುರೋಪಿಗೆ, ವಿಮಾನ ನಿಲ್ದಾಣದ ಪಕ್ಕದ ಈ ಬಾಡ್‌ಹೂವೆಡಾರ್ಪ್ ಊರಿಗೆ ಬಂದು ನೆಲೆಸಿದ ಮೇಲೂ ಅವಳು ನೋಡಬೇಕೆಂದಿದ್ದುದು ಕಾಂಬೋಡಿಯಾದ ಅಂಕೋರ್ ವಾಟ್ ಒಂದನ್ನೇ. ವಿಷ್ಣುವಿಗೆಂದು ಕಟ್ಟಿದ ಗುಡಿ ಆಮೇಲೆ ಬುದ್ಧನದಾಯಿತಂತೆ. ಆದರೂ ಜನ ವಿಷ್ಣುವನ್ನು ಆಚೆಗೆ ಹಾಕಲಿಲ್ಲ, ಅವನಿಗೂ ಬಟ್ಟೆ ಹೊದಿಸಿ ಊದುಬತ್ತಿ ಹಚ್ಚುತ್ತಾರೆ ಎಂದು ಕಣ್ಣಾರೆ ಕಂಡು ಬಂದವಳ ಹಾಗೆ ಹೇಳುತ್ತಿದ್ದಳು. ನಮ್ಮ ಮನೆಯ ಮೇಲೆ ಹಗಲಿಡೀ ವಿಮಾನಗಳು ಹಾರುತ್ತವೆ. ಮಗಳ ಪರೀಕ್ಷೆ, ನನ್ನ ಆಫೀಸು ಎಂದು ನಾವು ಹತ್ತುವುದು ಮಾತ್ರ ವರ್ಷವರ್ಷವೂ ಮುಂದಕ್ಕೆ ಹೋಯಿತು.

ಅಷ್ಟರಲ್ಲಿ ಅವಳಿಗೆ ಕಾಯಿಲೆ ಕಾಣಿಸಿಕೊಂಡಿತು. ಇಲ್ಲಿಯ ಡಾಕ್ಟರುಗಳಿಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ. ನಮ್ಮ ಕಡೆಯಾಗಿದ್ದರೆ ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದು ಹೇಳುತ್ತಿದ್ದರು. ಈ ಪುಣ್ಯಾತ್ಮ ಅವಳನ್ನೇ ಎದುರಿಗೆ ಕೂರಿಸಿಕೊಂಡು, ಇನ್ನು ಔಷಧದಿಂದ ಪ್ರಯೋಜನವಿಲ್ಲ, ಬರುವ ಚಳಿಗಾಲ ಕಾಣುವುದು ಕಷ್ಟ ಎಂದುಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ಮನೆಗೆ ಬರುವಾಗ ಬಸ್ಸಿನಲ್ಲಿ, ಈ ಜನಕ್ಕೆ ನಾಲಿಗೆಯ ಮೇಲೆ ಹಿಡಿತವೇ ಇಲ್ಲ, ಡಿಸೆಂಬರಿನಲ್ಲಿ ನಾವು ಕಾಂಬೋಡಿಯಾಕ್ಕೆ ಹೋಗುತ್ತೇವೆ ಎಂದೆ. ಮರುದಿನವೇ ಟಿಕೆಟ್ ತೆಗೆಸಿದೆ.

ಆಮೇಲೆ ನಮ್ಮ ಮನೆಯಲ್ಲಿ ಆ ಮಾತು ಬಾರದಂತೆ ಕಾವಲು ನಿಂತೆ. ಅವಳು ಎಷ್ಟೋ ಸಲ, ನಾನು ಹೋದ ಮೇಲೆ ಎಂದು ಶುರು ಮಾಡುತ್ತಿದ್ದಳು. ನಾನು ತಟ್ಟನೆ ಎದ್ದು ಚಹಾಕ್ಕೆ ನೀರಿಡುತ್ತಿದ್ದೆ. ಆ ತಿಂಗಳುಗಳಲ್ಲಿ ನಾನು ಮಾಡಿದಷ್ಟು ಚಹಾವನ್ನು ಜನ್ಮದಲ್ಲಿ ಮಾಡಿರಲಿಲ್ಲ.

ಅವಳಿಗೆ ಓಡಾಡುವುದು ಕಷ್ಟವಾದಾಗ, ಯುಟ್ರೆಕ್ಟ್‌ನಲ್ಲಿ ಓದುವ ಮಗಳು ಬಂದು ಟಿವಿಯಲ್ಲಿ ವಿಡಿಯೋಗಳನ್ನು ಹುಡುಕಿಕೊಟ್ಟಳು. ಯಾರೋ ಒಬ್ಬ ಕ್ಯಾಮೆರಾ ಹಿಡಿದು ಅಲ್ಲಿಯ ಗುಡಿಗಳನ್ನೆಲ್ಲ ತುಟಿ ಬಿಚ್ಚದೆ ಸುತ್ತುತ್ತಿದ್ದ. ಸಂಜೆ ಹೊತ್ತು ನಾವಿಬ್ಬರೂ ಒಂದೇ ಕಂಬಳಿಯಡಿ ಕೂತು ಅವನ ಹಿಂದೆ ಹೋಗುತ್ತಿದ್ದೆವು. ಬಾಯೋನ್ ಗುಡಿಯ ಗೋಪುರಗಳ ಮೇಲಿನ ದೊಡ್ಡ ದೊಡ್ಡ ಮುಖಗಳು, ತಾ ಪ್ರೋಮ್‌ನಲ್ಲಿ ಗೋಡೆಗಳ ಮೇಲೆಯೇ ಬೇರು ಬಿಟ್ಟ ಮರಗಳು. ಸೂರ್ಯೋದಯಕ್ಕೆಂದು ಕೊಳದ ದಂಡೆಯಲ್ಲಿ ಫೋನು ಎತ್ತಿ ನಿಂತ ಪ್ರವಾಸಿಗರನ್ನು ಕಂಡರೆ ಇವಳು ಬೈಯುತ್ತಿದ್ದಳು. ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಂಕೋರ್ ವಾಟ್‌ನ ಉದ್ದದ ಗೋಡೆಗಳು. ಒಂದರಲ್ಲಿ ಕುರುಕ್ಷೇತ್ರ, ಇನ್ನೊಂದರಲ್ಲಿ ಸಮುದ್ರಮಥನ.

ನನಗೆ ಆ ಕ್ಯಾಮೆರಾದವನನ್ನು ಕಂಡರೆ ಆಗುತ್ತಿರಲಿಲ್ಲ. ಗುಡಿಯನ್ನು ತನ್ನ ಎಡಕ್ಕಿಟ್ಟುಕೊಂಡು ಸುತ್ತುತ್ತಿದ್ದ. ಪ್ರದಕ್ಷಿಣೆಯಲ್ಲಿ ದೇವರು ನಮ್ಮ ಬಲಕ್ಕಿರಬೇಕೆಂದು ಸಣ್ಣ ಮಕ್ಕಳಿಗೂ ಗೊತ್ತು, ಇವನಿಗೆ ಅಷ್ಟೂ ತಿಳಿಯದೇ ಎಂದು ದಿನಾ ಗೊಣಗುತ್ತಿದ್ದೆ. ಒಂದು ಸಂಜೆ ತಾಳ್ಮೆಗೆಟ್ಟು, ಸರಿಯಾಗಿ ಸುತ್ತುವ ಬೇರೆ ಯಾರನ್ನಾದರೂ ಹಾಕೋಣವೆಂದು ರಿಮೋಟ್ ತೆಗೆದುಕೊಂಡೆ. ಅವಳು ನನ್ನ ಕೈ ಹಿಡಿದಳು.

“ಅವನ ತಪ್ಪಲ್ಲರೀ. ಅಲ್ಲಿ ಹಂಗ ಸುತ್ತಬೇಕು. ಕಥಿ ಹಂಗ ಕೆತ್ಯಾರ. ಗುಡಿ ಬಾಗಲಾ ಪಶ್ಚಿಮಕ್ಕದ. ರಾಜ ತಾನು ಸತ್ತಮ್ಯಾಲಿನ ಸಲುವಾಗಿ ಕಟ್ಟಿಸಿದ್ದು ಅಂತಾರ.” ಸ್ವಲ್ಪ ಉಸಿರು ತೆಗೆದುಕೊಂಡು ಕೇಳಿದಳು, “ನಮ್ಮೊಳಗ ಎಡಕ್ಕ ಸುತ್ತೂದು ಯಾವಾಗ, ನಿಮಗ ಗೊತ್ತದಲ್ಲ?”

ಗೊತ್ತಿತ್ತು. ಅಪ್ಪನ ಚಿತೆಯನ್ನು ಹಾಗೇ ಸುತ್ತಿದವನು ನಾನು. ಚಹಾಕ್ಕೆಂದು ಏಳಹೋದೆ.

“ಚಹಾ ಆಮ್ಯಾಲೆ ಮಾಡ್ರಿ. ಈಗ ಕೂಡ್ರಿ.”

ಕೂತೆ. ಆಗ ಹೇಳಿದಳು. ನಾನು ಆಫೀಸಿನಲ್ಲಿದ್ದಾಗ ಮಗಳ ಜೊತೆ ಗಾಲಿಕುರ್ಚಿಯಲ್ಲಿ ಹೋಗಿ ಇಲ್ಲಿಯ ಚಿತಾಗಾರವನ್ನು, ಅಲ್ಲಿ ದಹನಕ್ಕೆ ಮುಂಚೆ ಎಲ್ಲರೂ ಸೇರುವ ಕೋಣೆಯನ್ನು ನೋಡಿ ಬಂದಿದ್ದಳು. ಇಲ್ಲಿಯವರು ಮದುವೆ ಹಾಲ್ ನೋಡಿ ಬರುವಂತೆ ಅದನ್ನೂ ಮೊದಲೇ ನೋಡಿ ಬರುತ್ತಾರೆ. ಪೆಟ್ಟಿಗೆಯನ್ನು ಅಲ್ಲಿ ಗೋಡೆಗೆ ಒತ್ತಿ ಇಡುತ್ತಾರಂತೆ, ಸುತ್ತಲು ಜಾಗವಿಲ್ಲ. ಇವಳು ನಡುವೆ ಇಡಿಸುವಿರಾ ಎಂದು ಕೇಳಿದ್ದಾಳೆ, ಅವರು ಒಪ್ಪಿದ್ದಾರೆ.

“ಇಲ್ಲಿ ಕಟ್ಟಿಗಿ ಇಲ್ಲ, ಗಡಿಗಿ ಇಲ್ಲ. ನೀವು ಒಂದ್ ಸುತ್ತು ಹಾಕಿ ಕಳಸ್ರಿ. ಅಷ್ಟ ಸಾಕು ನನಗ.”

ನಾನು ಅವಳ ಮಡಿಲಲ್ಲಿ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತೆ. ಟಿವಿಯಲ್ಲಿ ಆ ಮನುಷ್ಯ ತನ್ನ ಪಾಡಿಗೆ ನಡೆಯುತ್ತಲೇ ಇದ್ದ. ಆ ರಾತ್ರಿಯಿಂದ ನಾವು ಎಲ್ಲವನ್ನೂ ಮಾತಾಡಿದೆವು. ಟಿಕೆಟ್ ರದ್ದು ಮಾಡಲು ಅವಳೇ ನೆನಪಿಸಿದಳು.

ಅಕ್ಟೋಬರಿನಲ್ಲಿ ಅವಳು ಹೋದಳು. ಮಾತು ಕೊಟ್ಟಂತೆಯೇ ಚಿತಾಗಾರದವರು ಪೆಟ್ಟಿಗೆಯನ್ನು ಕೋಣೆಯ ನಡುವೆ ಇಟ್ಟು, ಕುರ್ಚಿಗಳನ್ನು ಗೋಡೆಗೆ ಸರಿಸಿದ್ದರು. ಮಗಳು ಭುಜ ಮುಟ್ಟಿದಾಗ ನಾನು ಎದ್ದು ಹೆಂಡತಿಯ ತಲೆಯ ಕಡೆಯಿಂದ ಹೊರಟೆ. ಪಾದದ ಬಳಿ ಬಂದು ನೋಡುತ್ತೇನೆ, ಅವಳು ನನ್ನ ಬಲಕ್ಕಿದ್ದಾಳೆ. ಹುಟ್ಟಿದಾಗಿನಿಂದ ಗುಡಿ ಸುತ್ತಿದ ಕಾಲು ತಾನೇ ಆ ಕಡೆಗೆ ನಡೆದಿತ್ತು. ಹಾಗೇ ಮುಗಿಸಿಬಿಡೋಣ, ಕಳಿಸುವುದೇ ಬೇಡ ಎನಿಸಿತು. ಮಗಳು ನನ್ನನ್ನೇ ನೋಡುತ್ತಿದ್ದಳು. ಬಂದ ದಾರಿಯಲ್ಲೇ ಹಿಂದಿರುಗಿ, ತಲೆಯ ಕಡೆಯಿಂದ ಮತ್ತೆ ಹೊರಟೆ, ಈ ಸಲ ಎಡಕ್ಕೆ. ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡೇ, ಎಷ್ಟು ಸಾಧ್ಯವೋ ಅಷ್ಟು ನಿಧಾನವಾಗಿ ನಡೆದೆ. ಆದರೂ ಸುತ್ತು ಮುಗಿಯಿತು.