ನಾಲ್ಕು ದೆವ್ವಗಳೊಳಗೆ ಒಬ್ಬ ಗೌಸ್ ಮೊಹಿದ್ದೀನ್

ಬೆಳಗಿನ ಐದೂವರೆ. ಚಾಮರಾಜನಗರದ ಮಸೀದಿ ಹಿಂದಿನ ಓಣಿಯಲ್ಲಿ ಟಂಯ್ ಟಂಯ್ ಎಂಬ ಸದ್ದು ಕೇಳಿದರೆ ಗೌಸ್ ಮೊಹಿದ್ದೀನ್ ಕೆಲಸಕ್ಕೆ ನಿಂತಿದ್ದಾರೆಂದು ಅರ್ಥ. ಸೂರಿನಿಂದ ತೂಗುಬಿಟ್ಟ ಆಳೆತ್ತರದ ಬಿಲ್ಲು, ಬಲಗೈಯಲ್ಲಿ ಮರದ ಕೊಡತಿ. ಕೊಡತಿ ತಂತಿಗೆ ಬಡಿದಾಗಲೆಲ್ಲ ಗಂಟುಗಟ್ಟಿದ ಹಳೆಯ ಹತ್ತಿ ಬಿಡಿಸಿಕೊಂಡು ಮೇಲೇಳುತ್ತದೆ. ಎಳೆ ಕೂತು ಅವರ ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿವೆ. ಕುತ್ತಿಗೆ ಮಾತ್ರ ಹಾಸಿಗೆ ಹೊಲಿಯುವವರ ಕುತ್ತಿಗೆಯಲ್ಲ, ಗೂಳಿಯದು. ಕಿವಿಗಳು ಮುದುರಿ ಗಟ್ಟಿಯಾಗಿವೆ. ಇಪ್ಪತ್ತು ವರ್ಷ ಗರಡಿಯಲ್ಲಿ ತಲೆಗೆ ತಲೆ ಕೊಟ್ಟವರ ಕಿವಿ ಹಾಗೆಯೇ ಆಗುತ್ತದಂತೆ.

ಈ ಹೆಸರನ್ನು ನೀವು ಕೇಳಿರಲಾರಿರಿ. ಆದರೆ ಇವರನ್ನು ನೋಡಿದ್ದೀರಿ, ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೀರಿ. ಕಳೆದ ವರ್ಷ ನಮ್ಮ ಸೀಮೆಯ ಟೂರಿಂಗ್ ಟಾಕೀಸುಗಳಲ್ಲೆಲ್ಲ ಓಡಿದ 'ನಾಲ್ಕು ದೆವ್ವ ಒಬ್ಬ ಪೈಲ್ವಾನ' ಚಿತ್ರದಲ್ಲಿ ಕಪ್ಪು ನಿಲುವಂಗಿಯ ರಕ್ತಪಿಶಾಚಿ ಇವರೇ. ಮೈತುಂಬ ಕೂದಲಿನ ತೋಳಮನುಷ್ಯ, ಪಟ್ಟಿ ಸುತ್ತಿಕೊಂಡ ಈಜಿಪ್ಟಿನ ಹೆಣ, ತುಂಡು ತುಂಡು ಹೊಲಿದು ಎಬ್ಬಿಸಿದ ದೈತ್ಯ, ಅವರೂ ಇವರೇ.

"ನಾಕೂ ನಾನೇ ಕಣ ಸ್ವಾಮಿ," ಎನ್ನುತ್ತಾರೆ ಗೌಸ್. "ನಾಕ್ ಜನ್ರನ್ನ ಕರ್ಕಬರೋಕೆ ಅವ್ರ ತಾವ ಇರ್ನಿಲ್ಲ. ತ್ವಾಳದ್ ಕೂದ್ಲೂ ನಂದೇ ಹತ್ತಿ, ಕಾಡಿಗೆ ನೀರ್ನಾಗೆ ಅದ್ದಿದ್ದು. ನಜೀಮಾ ಕೂತ್ಕಂಡು ಹೊಲ್ದ್‌ಕೊಟ್ಳು."

ಪತ್ನಿ ನಜೀಮಾ ಒಳಬಾಗಿಲಿನ ಪರದೆಯ ಹಿಂದಿನಿಂದಲೇ ತಿದ್ದುತ್ತಾರೆ: "ಕಾಡಿಗೆ ಅಲ್ಲ, ಇದ್ದಲು ಪುಡಿ. ಒಗೆದವಳು ನಾನು, ನನಗೆ ಗೊತ್ತು."

ಗೌಸ್ ಅವರಿಗೆ ಈಗ ಮೂವತ್ತೆಂಟು. ತಂದೆಯೂ ಹತ್ತಿ ಹಿಂಜಿದವರೇ. ದಿನಕ್ಕೆ ಎರಡು ಹಾಸಿಗೆ, ನಾಲ್ಕು ದಿಂಬು. ಮದುವೆ ಕಾಲದಲ್ಲಿ ಕುದೇರಿನವರೆಗೂ ಬಿಲ್ಲು ಹೊತ್ತು ನಡೆಯುತ್ತಾರೆ. ಮಳೆಗಾಲದಲ್ಲಿ ಹತ್ತಿ ತೇವ ಹಿಡಿಯುವುದರಿಂದ ತಿಂಗಳುಗಟ್ಟಲೆ ಕೆಲಸವಿಲ್ಲ, ಉಳಿದ ಕಾಲದಲ್ಲಿ ನವಿರು ಎಳೆ ಎದೆಗಿಳಿದು ಕೆಮ್ಮು. ಆದರೂ ಬೆಳಿಗ್ಗೆ ಇನ್ನೂರು ಬಸ್ಕಿ, ನೂರು ದಂಡ ಹೊಡೆಯದೆ ಇವರು ಬಿಲ್ಲು ಮುಟ್ಟುವುದಿಲ್ಲ. ಕುಸ್ತಿ ಕಲಿಸಿದ ಉಸ್ತಾದರ ಕಟ್ಟಪ್ಪಣೆ ಅದು. ಉಸ್ತಾದರು ತೀರಿಕೊಂಡು ಹನ್ನೊಂದು ವರ್ಷವಾಗಿದೆ, ಅಪ್ಪಣೆ ಇನ್ನೂ ಬದುಕಿದೆ.

ಚಿತ್ರ ತೆಗೆದವರು ಮೈಸೂರಿನ ಶಿವರುದ್ರಸ್ವಾಮಿ. ಸಾವಿರದ ಒಂಬೈನೂರ ಐವತ್ತಾರರ ಬೇಸಿಗೆಯಲ್ಲಿ ಬದನಗುಪ್ಪೆ ಹತ್ತಿರದ ಪಾಳು ರೇಷ್ಮೆ ಮನೆಯೊಂದರಲ್ಲಿ ಒಂಬತ್ತೇ ದಿನ ಚಿತ್ರೀಕರಣ. ಜನರನ್ನು ನಡುಗಿಸುವ ಚಿತ್ರ ಮಾಡಬೇಕೆಂಬುದು ಅವರ ಆಸೆ. ಇಂಗ್ಲಿಷ್ ದೆವ್ವಗಳು ಒಂದೊಂದಾಗಿ ಬಂದು ನಮ್ಮ ಪೈಲ್ವಾನನ ಮೇಲೆ ಬೀಳಬೇಕು, ಪೈಲ್ವಾನ ಒಂದೊಂದನ್ನೂ ಮಣ್ಣು ಮುಕ್ಕಿಸಬೇಕು. ಪೈಲ್ವಾನನ ಪಾತ್ರಕ್ಕೆ ಗುಂಡ್ಲುಪೇಟೆಯ ಶಾಂತಮಲ್ಲಪ್ಪ ಸಿಕ್ಕರು. ಬಿಳಿ ಬಣ್ಣ, ನಲವತ್ತೆಂಟಂಗುಲದ ಎದೆ, ಹಲ್ಲು ಮುತ್ತಿನ ಸಾಲು. ಗೌಸ್ ಮತ್ತು ಅವರು ಒಂದೇ ಗರಡಿಯವರು.

ಎಡವಟ್ಟಾದದ್ದು ಮೊದಲ ದಿನವೇ. ಕುಸ್ತಿಗೆ ಹದಮಾಡಿದ ಕೆಂಪು ಮಣ್ಣಿನ ಅಂಕಣಕ್ಕೆ ನಮ್ಮ ಕಡೆ ಮಟ್ಟಿ ಎನ್ನುತ್ತಾರೆ. ಮಟ್ಟಿಗೆ ಇಳಿಯುವವನು ಒಂದು ಚಿಟಿಕೆ ಮಣ್ಣು ತೆಗೆದು ಹಣೆಗೆ ಒತ್ತಿಕೊಳ್ಳಬೇಕು, ಎದುರಾಳಿಯ ಹೆಗಲಿಗೆ ಒಂದು ಹಿಡಿ ಹಾಕಬೇಕು, ಆಮೇಲೆ ಕೈ ಕೊಡಬೇಕು. ಕ್ಯಾಮೆರಾ ತಿರುಗುತ್ತಿದೆ. ಕೋರೆಹಲ್ಲು ಬಿಟ್ಟುಕೊಂಡು ರಕ್ತಪಿಶಾಚಿ ಗೋಡೆ ಹಾರಿ ಬಂದಿತು. ಮಟ್ಟಿಯ ಅಂಚಿನಲ್ಲಿ ಗಕ್ಕನೆ ನಿಂತಿತು. ಬಗ್ಗಿ ಮಣ್ಣು ಹಣೆಗಿಟ್ಟುಕೊಂಡಿತು. ಪೈಲ್ವಾನನ ಹೆಗಲಿಗೆ ಮಣ್ಣು ಹಾಕಿ, ಮರ್ಯಾದೆಯಿಂದ ಕೈ ಕುಲುಕಿ, ಆಮೇಲೆ ಕುತ್ತಿಗೆ ಕಚ್ಚಲು ಹೋಯಿತು.

"ಶಿವರುದ್ರಸ್ವಾಮಿಗಳು ತಲೆ ತಲೆ ಚಚ್ಕಂಡ್ರು," ಎಂದು ಗೌಸ್ ನೆನೆಯುತ್ತಾರೆ. "ದೆವ್ವ ಎಲ್ಲಾರ ಮಣ್ಗೆ ನಮಸ್ಕಾರ ಮಾಡ್ತದೇನಯ್ಯಾ ಅಂದ್ರು. ನಾನೇನ್ ಮಾಡ್ಲಿ? ಮಟ್ಟಿ ಕಂಡ್ರೆ ಕೈ ತಾನೇ ಓಯ್ತದೆ. ಮುಟ್ದಲೆ ಇಳುದ್ರೆ ಸತ್ತೋದ ಉಸ್ತಾದ್ರು ಎದ್ ಬಂದು ಬಾರಿಸ್ಬುಟ್ಟಾರು."

ಎಷ್ಟು ಬೈದರೂ ಉಳಿದ ಮೂರು ದೆವ್ವಗಳೂ ಅದನ್ನೇ ಮಾಡಿದವು. ಮತ್ತೆ ತೆಗೆಯಲು ಫಿಲ್ಮು ಉಳಿದಿರಲಿಲ್ಲ. ಹಾಗೇ ಬಿಟ್ಟರು. ಮೊದಲ ಆಟದಲ್ಲಿ ಜನ ನಡುಗಲಿಲ್ಲ, ಚಾಪೆಯ ಮೇಲೆ ಉರುಳಾಡಿ ನಕ್ಕರು. ಚಿತ್ರ ಐದು ತಿಂಗಳು ಓಡಿತು. ನಾನು ಹದಿಮೂರು ವರ್ಷದಿಂದ ಈ ಪತ್ರಿಕೆಗೆ ಹಾಸ್ಯ ಬರೆಯುತ್ತಿದ್ದೇನೆ, ಅಂಥ ಒಂದು ನಗು ನನಗೆ ಸಿಕ್ಕಿಲ್ಲ. ಆ ಡೇರೆಯಲ್ಲಿ ಕೂತು ನನಗೆ ಹೊಟ್ಟೆ ಉರಿದದ್ದು ನಿಜ.

ನಗಿಸಿದವರು ಗೌಸ್, ಹಾರ ಬಿದ್ದದ್ದು ಶಾಂತಮಲ್ಲಪ್ಪನವರ ಕೊರಳಿಗೆ. ಪರದೆಯ ಮೇಲೆ ಅವರ ಹೆಸರು ಒಂದಡಿ ಅಕ್ಷರದಲ್ಲಿ. ಕೊನೆಯಲ್ಲಿ 'ಮತ್ತು ದೆವ್ವಗಳು' ಎಂದಿತ್ತು, ಅಷ್ಟೇ. ಗುಂಡ್ಲುಪೇಟೆಯಲ್ಲಿ ಅವರಿಗೆ ಬೆಳ್ಳಿ ಗದೆ ಕೊಟ್ಟರು. ಇದೇ ಪುರವಣಿ ಅವರ ಫೋಟೋ ಹಾಕಿತು. ಬರೆದವನು ನಾನೇ, ತಪ್ಪೊಪ್ಪಿಕೊಳ್ಳುತ್ತೇನೆ.

"ಆ ಪೇಪರ್ರು ನನ್ ತಾವ ಅದೆ," ಎನ್ನುತ್ತಾರೆ ಗೌಸ್, ಕೊಡತಿ ಕೆಳಗಿಟ್ಟು. "ಹೊಟ್ಟೆಕಿಚ್ಚು ಇಲ್ಲ ಅಂದ್ರೆ ಸುಳ್ಳಾಯ್ತದೆ ಸ್ವಾಮಿ. ಬೋ ಅದೆ. ಗರಡೀಲಿ ಅವ್ನ ಏಳ್ ಸತಿ ಚಿತ್ ಮಾಡಿವ್ನಿ. ಸಿನಿಮಾದಾಗೆ ನಲವತ್ಮೂರ್ ಸತಿ ಅವನ್ ಕೈಲಿ ಬಿದ್ದಿವ್ನಿ, ಎಣ್ಸಿವ್ನಿ. ಒಂದೊಂದ್ಸತಿ ಬೀಳುವಾಗ್ಲೂ, ಈ ಪಟ್ನ ಇಂಗೆ ತಿರುಗ್ಸುದ್ರೆ ನೀನ್ ಎಲ್ಲಿರ್ತಿದ್ಯಪ್ಪಾ ಅಂತ ಅನ್ಕಳದೇಯ."

ಈಗ ಶಿವರುದ್ರಸ್ವಾಮಿ ಎರಡನೆಯ ಚಿತ್ರಕ್ಕೆ ಕೈ ಹಾಕಿದ್ದಾರೆ. ಗೌಸ್ ಒಂದೇ ಷರತ್ತು ಹಾಕಿದ್ದಾರೆ: ಪರದೆಯ ಮೇಲೆ ತಮ್ಮ ಹೆಸರು ಬರಬೇಕು. ದೆವ್ವಕ್ಕೆ ಹೆಸರು, ಊರು ಹೇಳಿಬಿಟ್ಟರೆ ಅದು ದೆವ್ವವಾಗಿ ಉಳಿಯುವುದಿಲ್ಲ ಎಂದು ಶಿವರುದ್ರಸ್ವಾಮಿ ಒಪ್ಪುತ್ತಿಲ್ಲ. ಶುಕ್ರವಾರದೊಳಗೆ ಗೌಸ್ ಹ್ಞೂಂ ಎನ್ನದಿದ್ದರೆ ಮೈಸೂರಿನ ಇನ್ನೊಬ್ಬ ಪೈಲ್ವಾನನಿಗೆ ಆ ನಿಲುವಂಗಿ. ಗೌಸ್ ಹೋಗುವುದಿಲ್ಲವೆಂದು ಕೂತಿದ್ದಾರೆ. "ಅಂಗೂ ಮನಸ್ ಕೇಳ್ತಿಲ್ಲ," ಎಂದು ಮೆಲ್ಲಗೆ ಸೇರಿಸುತ್ತಾರೆ. "ಇನ್ನೊಬ್ಬ ಆ ಬಟ್ಟೆ ಇಕ್ಕಂಡು ಮಣ್ಣ ಮುಟ್ದಲೆ ಇಳಿಯದ ನಾನ್ ಎಂಗ್ ನೋಡ್ಲಿ?"

ಎರಡೂ ಕಡೆ ಕೇಳದೆ ಬರೆಯಬಾರದೆಂದು ನಾನು ಗುಂಡ್ಲುಪೇಟೆಯ ಬಸ್ಸು ಹತ್ತುತ್ತೇನೆ. ಶಾಂತಮಲ್ಲಪ್ಪನವರ ಜಗಲಿಯಲ್ಲಿ ನಮ್ಮ ಪತ್ರಿಕೆಯ ಫೋಟೋಕ್ಕೆ ಕಟ್ಟು ಹಾಕಿಸಿದ್ದಾರೆ, ಕೆಳಗೆ ಗದೆ. ಕಾಫಿ ಬರುತ್ತದೆ. ಗೌಸ್ ಹೆಸರು ಎತ್ತುತ್ತಿದ್ದಂತೆ ಅವರ ಮುಖ ಸಪ್ಪಗಾಗುತ್ತದೆ.

"ಅವನ್ ಮಾತ್ ಯಾಕ್ ಎತ್ತುದ್ರಿ ಸ್ವಾಮಿ," ಎನ್ನುತ್ತಾರೆ. "ಮೊನ್ನೆ ಸಂತೆಮರಳ್ಳಿ ಸಂತೇಲಿ ಜನ ಮುತ್ಕಂಡ್ರು. ನಂಗೇ ಅನ್ಕಂಡೆ. ಎಲ್ಲಾರೂ ಕೇಳದು, ದೆವ್ವನ ಯಾಕ್ ಕರ್ಕಂಡ್ ಬರ್ನಿಲ್ಲ ಅಂತ. ಅಲ್ಲೇ ಹೈಕಳು ನಮ್ ಸಿನಿಮಾ ಆಟ ಆಡ್ತಿದ್ವು. ಎಂಟ್ ಹೈಕ್ಳು, ಎಂಟೂ ದೆವ್ವನೇ. ನನ್ ಪಾರ್ಟ್ಗೆ ಒಬ್ನೂ ಒಪ್ನಿಲ್ಲ. ಕಡೀಕೆ ಒಂದ್ ಮೇಕೆ ಇಡ್ಕಂಡ್ ಬಂದು ನಿಲ್ಸುದ್ರು."

ನಾನು ನಗು ನುಂಗಿಕೊಳ್ಳುತ್ತೇನೆ. ಅವರು ನಗುವುದಿಲ್ಲ.

"ಗರಡೀಲಿ ಅವ್ನೇ ಗೆಲ್ತಿದ್ದ. ಸಿನಿಮಾದಲ್ಲಾದ್ರೂ ಗೆಲ್ಲನ ಅಂತ ಓದೆ. ಅಲ್ಲೂ ಅವ್ನೇ ಗೆದ್ಬುಟ್ಟ. ಈ ಗದೆ ನೋಡ್ದಾಗೆಲ್ಲ ಒಟ್ಟೆ ಉರೀತದೆ. ಇದ್ನ ಮಾತ್ರ ಪೇಪರ್ಗೆ ಆಕ್ಬ್ಯಾಡಿ."

ನಾನು ಆಯಿತು ಎನ್ನುವುದಿಲ್ಲ. ಆಗುವುದಿಲ್ಲ ಎಂದೂ ಹೇಳುವುದಿಲ್ಲ.

ಶುಕ್ರವಾರ ಮುಂಜಾನೆ ಮತ್ತೆ ಓಣಿಗೆ ಬರುತ್ತೇನೆ. ಗುಂಡ್ಲುಪೇಟೆಯಲ್ಲಿ ಕೇಳಿದ್ದನ್ನು ಹೇಳಿದಾಗ ಗೌಸ್ ಅವರ ಕೈಯಲ್ಲಿನ ಕೊಡತಿ ಹಾಗೇ ನಿಲ್ಲುತ್ತದೆ.

"ಅವನ್ಗಾ? ನನ್ ಮ್ಯಾಲಾ?"

"ಹೌದು."

"ಇನ್ನೊಂದ್ಸತಿ ಯೋಳಿ ಸ್ವಾಮಿ."

ಹೇಳುತ್ತೇನೆ. ಅವರು ಪರದೆಯ ಕಡೆ ತಿರುಗಿ ನಜೀಮಾರನ್ನು ಕೂಗುತ್ತಾರೆ. ಆಕೆ ಕೇಳಲೆಂದು ಮೂರನೆಯ ಸಲ ಹೇಳಬೇಕಾಗುತ್ತದೆ, ಮೇಕೆಯ ಸಮೇತ. ಪರದೆಯ ಹಿಂದೆ ಬಳೆಗಳು ಗಲಗಲ ನಗುತ್ತವೆ. ಗೌಸ್ ನಗುವುದಿಲ್ಲ. ಮೀಸೆಯ ಹತ್ತಿ ಒರೆಸಿಕೊಂಡು ಬೆನ್ನು ನೆಟ್ಟಗೆ ಮಾಡುತ್ತಾರೆ.

"ಶಿವರುದ್ರಸ್ವಾಮಿಗಳ್ಗೆ ಯೋಳ್ಬುಡಿ, ಬತ್ತೀನಿ ಅಂತ. ನಲವತ್ಮೂರಲ್ಲ, ನೂರ್ ಸತಿ ಬೇಕಾದ್ರೂ ಬೀಳ್ತೀನಿ. ಹೆಸ್ರೂ ಬ್ಯಾಡ ಬುಡಿ."

ಹಾಗಾದರೆ ಇನ್ನೇನೂ ಆಸೆಯಿಲ್ಲವೇ ಎಂದು ಕೇಳುತ್ತೇನೆ.

"ಒಂದದೆ," ಎನ್ನುತ್ತಾರೆ ಗೌಸ್ ಮೊಹಿದ್ದೀನ್. "ಗುಂಡ್ಲುಪೇಟೆ ಶಾಂತಮಲ್ಲಪ್ಪಂಗೆ ನನ್ನ ಕಂಡ್ರೆ ಹೊಟ್ಟೆಕಿಚ್ಚು ಅಂತ ನಿಮ್ ಪೇಪರ್ನಾಗೆ ಬರೀರಿ. ಇನ್ನೇನೂ ಬರೀದಿದ್ರೂ ಚಿಂತಿಲ್ಲ."